ಅಡಿಬರಹವು ಹಣೆಬರಹವಾಗದಿರಲಿ

ನಗಿಸುವವನೂ ಅಳಿಸುವವನೂ ಅಲ್ಲಾಹನೇ ಎಂಬುದನ್ನು ಪವಿತ್ರ ಕುರ್‌ಆನಿನ ಅನ್ನಜ್ಮ್ ಅಧ್ಯಾಯವು ತಿಳಿಸುತ್ತದೆ (53:43). ನಗು ಮಾನವನಿಗೆ ಸೃಷ್ಟಿಕರ್ತನಿಂದಲೇ ದೊರೆತ ಕೊಡುಗೆ. ಸಹೋದರನ ಮುಖ ಕಂಡಾಗ ಬೀರುವ ಮುಗುಳ್ನಗೆಯನ್ನು ದಾನಧರ್ಮಗಳ ಸಾಲಿಗೆ ಸೇರಿಸಿದವರು ಪ್ರವಾದಿ ಮುಹಮ್ಮದ್(ಸ). ಹಾಗಿರುವಾಗ ನಗೆಯ ಮಾತೆತ್ತಿದೊಡನೆ ಹುಬ್ಬು ಗಂಟಿಕ್ಕುವುದನ್ನೇ ಧರ್ಮನಿಷ್ಠೆಯೆಂದು ಬಗೆದವರ ಪಂಕ್ತಿಯಲ್ಲಿ ನಾವು ಕುಳಿತುಕೊಳ್ಳಲಾರೆವು. ಈ ಲೇಖನ ನಗೆಯ ವಿರುದ್ಧವಲ್ಲ. ನಗೆಯ ಒಂದು ಪುಟ್ಟ ಪ್ರಕಾರದ ಬಗ್ಗೆ, ಅಂದರೆ ಚಿತ್ರದ ಕೆಳಗೆ ತಮಾಷೆಗೆಂದು ಬರೆಯುವ ಒಂದು ಸಾಲಿನ ಬಗ್ಗೆ, ನಮ್ಮ ಸಮುದಾಯದಲ್ಲಿ ಸಾಕಷ್ಟು ಆಲೋಚನೆ ನಡೆದಿಲ್ಲವೆಂಬ ಆತಂಕದಿಂದ ಇದನ್ನು ಬರೆಯುತ್ತಿದ್ದೇವೆ.

ಕನ್ನಡದಲ್ಲಿ ಇದಕ್ಕೆ ಅಡಿಬರಹ ಎನ್ನುತ್ತೇವೆ. ಹಿಂದೆ ಅದು ಪತ್ರಿಕಾ ಕಚೇರಿಯ ಕೆಲಸವಾಗಿತ್ತು. ಛಾಯಾಚಿತ್ರ ತೆಗೆಯುವವನೊಬ್ಬ, ಅದಕ್ಕೆ ಸಾಲು ಬರೆಯುವವನೊಬ್ಬ, ಅಚ್ಚಿಗೆ ಹೋಗುವ ಮೊದಲು ಕಣ್ಣಾಡಿಸುವ ಸಂಪಾದಕನೊಬ್ಬ. ಈಗ ಈ ಮೂವರೂ ಹದಿನಾಲ್ಕು ವರ್ಷದ ಹುಡುಗನ ಹೆಬ್ಬೆರಳಿನಲ್ಲಿ ಒಂದಾಗಿದ್ದಾರೆ. ಮದುವೆಯ ಊಟದ ಪಂಕ್ತಿಯಲ್ಲಿ ತೆಗೆದ ಚಿತ್ರ, ಪಂಕ್ತಿ ಏಳುವ ಮೊದಲೇ ಅಡಿಬರಹ ಹೊತ್ತು ಗಲ್ಫಿನಲ್ಲಿರುವ ಬಂಧುಗಳನ್ನು ತಲುಪಿರುತ್ತದೆ. ಓದಿ ಪರಿಶೀಲಿಸುವ ಮೂರನೆಯವನು ಮಾತ್ರ ಈ ಏರ್ಪಾಡಿನಲ್ಲಿ ಎಲ್ಲಿಯೂ ಇಲ್ಲ.

ಅಡಿಬರಹವೆಂಬುದು ಸುಲಭದ ವಿದ್ಯೆಯೆಂದು ಮಾತ್ರ ಯಾರೂ ತಿಳಿಯಬಾರದು. ಕನ್ನಡಿಗರಿಗೆ ಈ ವಿದ್ಯೆಯ ಒಳ್ಳೆಯ ಪರಂಪರೆಯೇ ಇದೆ. ‘ರಾಶಿ’ ಎಂಬ ಕಾವ್ಯನಾಮದ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಮಾಸಪತ್ರಿಕೆ 1967ರವರೆಗೆ ನಾಡನ್ನು ನಗಿಸಿತು. ವೃತ್ತಿಯಿಂದ ವೈದ್ಯರಾಗಿದ್ದ ಅವರು ನಗೆಯನ್ನೂ ಔಷಧಿಯಂತೆ ಅಳೆದು ಕೊಟ್ಟರೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು. ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರು ತಮ್ಮ ಎಳೆಯ ವಯಸ್ಸಿನಲ್ಲಿ ಚಿತ್ರ ಬರೆದದ್ದು ಈ ಪತ್ರಿಕೆಗೇ. ಮುಂದೆ ಅವರು ಸೃಷ್ಟಿಸಿದ ‘ಶ್ರೀಸಾಮಾನ್ಯ’ನು, ಚೌಕುಳಿಯ ಕೋಟು ತೊಟ್ಟು, ಮೂಗಿನ ಮೇಲೆ ಕನ್ನಡಕವಿಟ್ಟು, ದಶಕಗಳ ಕಾಲ ಪತ್ರಿಕೆಯ ಮೊದಲ ಪುಟದಲ್ಲಿ ನಿಂತಿದ್ದರೂ ಬಾಯಿ ತೆರೆಯಲಿಲ್ಲ. ಚಿತ್ರದ ಕೆಳಗಿನ ಮಾತೆಲ್ಲ ಮಂತ್ರಿಯದೋ ಅಧಿಕಾರಿಯದೋ ಆಗಿರುತ್ತಿತ್ತು. ಮಾತಾಡುವವನು ಬಲಶಾಲಿ, ಮೌನವಾಗಿ ನೋಡುವವನು ದುರ್ಬಲ. ನಗೆಪಾಟಲಿಗೆ ಈಡಾಗುವವನು ಮಾತ್ರ ಮಾತಾಡುವ ಬಲಶಾಲಿ. ಈ ನಿಯಮವನ್ನು ಅವರು ಎಲ್ಲಿಯಾದರೂ ಬರೆದಿಟ್ಟಿದ್ದರೋ ಇಲ್ಲವೋ, ಚಿತ್ರಗಳನ್ನು ಸಾಲಾಗಿ ನೋಡಿದವರಿಗೆ ಅದು ಕಾಣದಿರದು.

ಒಳ್ಳೆಯ ಅಡಿಬರಹದ ಗುಟ್ಟೇನು? ಚಿತ್ರವು ಅರ್ಧ ಹೇಳಬೇಕು, ಸಾಲು ಉಳಿದರ್ಧವನ್ನು ಹೇಳಬೇಕು. ಚಿತ್ರದಲ್ಲಿ ಕಂಡದ್ದನ್ನೇ ಸಾಲು ಮತ್ತೆ ಹೇಳಿದರೆ ಅದು ಸಪ್ಪೆ. ಬಕ್ರೀದ್‌ಗೆ ನಾಲ್ಕು ದಿನ ಮುಂಚೆ ಕಾಂಪೌಂಡ್ ಗೋಡೆಯನ್ನೇರಿ ಆಚೆಯ ಮನೆಯನ್ನು ನೋಡುತ್ತಿರುವ ಆಡಿನ ಚಿತ್ರವೊಂದನ್ನು ಊಹಿಸಿಕೊಳ್ಳಿ. ‘ಗೋಡೆ ಹತ್ತಿದ ಆಡು’ ಎಂದರೆ ಯಾರೂ ನಗರು. ‘ಬಾಡಿಗೆ ಮನೆ ಬೇಕಾಗಿದೆ, ಹಬ್ಬ ಮುಗಿಯುವ ತನಕ ಮಾತ್ರ’ ಎಂದರೆ ಮುದುಕರೂ ನಗುತ್ತಾರೆ. ಮಳೆಗಾಲದಲ್ಲಿ ರಸ್ತೆಯ ನಡುವಿನ ಹೊಂಡದಲ್ಲಿ ಆರಾಮವಾಗಿ ಮಲಗಿದ ಎಮ್ಮೆಯ ಕೆಳಗೆ ‘ಕಾಮಗಾರಿ ಪ್ರಗತಿಯಲ್ಲಿದೆ, ಸಹಕರಿಸಿ’ ಎಂದು ಬರೆದವನು ಎಮ್ಮೆಯನ್ನು ಅವಮಾನಿಸಲಿಲ್ಲ. ಹೊಂಡ ಮುಚ್ಚಬೇಕಾದವರಿಗೆ ಆ ಸಾಲು ತಟ್ಟೀತು, ತಟ್ಟಲಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಮತ್ತು ದರ್ಸ್‌ನಲ್ಲಿ ಕುಳಿತ ವಿದ್ಯಾರ್ಥಿಗಳು ಅದನ್ನು ಕೇಳದೆ ಬಿಡುವುದಿಲ್ಲ. ಜನರನ್ನು ನಗಿಸಲೆಂದು ಸುಳ್ಳಾಡುವವನಿಗೆ ನಾಶ ಕಾದಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಆಡು ಬಾಡಿಗೆ ಮನೆ ಹುಡುಕುತ್ತಿರಲಿಲ್ಲವಲ್ಲ, ಇದೂ ಸುಳ್ಳಲ್ಲವೇ? ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಕೇಳುವವನನ್ನು ವಂಚಿಸುವ ಮಾತು ಸುಳ್ಳು. ಆಡು ಜಾಹೀರಾತು ಕೊಟ್ಟಿತೆಂದು ನಂಬಿ ಮೋಸಹೋಗುವ ಓದುಗ ಭೂಮಿಯ ಮೇಲಿಲ್ಲ. ಅದು ರೂಪಕವೆಂದು ಬರೆದವನಿಗೂ ಗೊತ್ತು, ಓದುವವನಿಗೂ ಗೊತ್ತು. ಎಚ್ಚರಿಕೆ ಇರುವುದು ನಂಬಿಸಿ ನಗಿಸುವವನಿಗೆ.

ಪ್ರವಾದಿಯವರ(ಸ) ಹಾಸ್ಯವನ್ನೇ ನೋಡಿರಿ. ತಾವು ನಮ್ಮೊಡನೆ ತಮಾಷೆ ಮಾಡುತ್ತೀರಲ್ಲ ಎಂದು ಸಹಾಬಿಗಳು ಅಚ್ಚರಿಪಟ್ಟಾಗ, ತಾನು ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ ಎಂದು ಅವರು ಉತ್ತರಿಸಿದರು. ಸವಾರಿಗೆ ಪ್ರಾಣಿಯೊಂದನ್ನು ಕೇಳಿ ಬಂದವನಿಗೆ ಒಂಟೆಯ ಮರಿಯೊಂದನ್ನು ಕೊಡುವೆನೆಂದರು. ಮರಿಯನ್ನು ತೆಗೆದುಕೊಂಡು ಏನು ಮಾಡಲೆಂದು ಆತ ಕಂಗಾಲಾದಾಗ, ಯಾವ ಒಂಟೆ ತಾನೆ ಇನ್ನೊಂದು ಒಂಟೆಯ ಮರಿಯಲ್ಲವೆಂದು ವಿಚಾರಿಸಿದರು. ಹಸನುಲ್ ಬಸ್ರಿ(ರ) ಅವರ ಮೂಲಕ ಬಂದ ಇನ್ನೊಂದು ವರದಿಯಲ್ಲಿ ವೃದ್ಧೆಯೊಬ್ಬಳಿಗೆ, ಮುದುಕಿಯರು ಸ್ವರ್ಗಕ್ಕೆ ಹೋಗುವುದಿಲ್ಲ ಎಂದರು. ಆಕೆ ಅಳುತ್ತ ಹೊರಟಾಗ, ಅಲ್ಲಿಗೆ ಆಕೆ ಮುದುಕಿಯಾಗಿ ಪ್ರವೇಶಿಸುವುದಿಲ್ಲ, ಯುವತಿಯಾಗಿ ಪ್ರವೇಶಿಸುವಳೆಂದು ತಿಳಿಸಲು ಜನರನ್ನು ಕಳುಹಿಸಿದರು. ಎರಡೂ ಕಡೆ ಮಾತು ಸತ್ಯ. ಕೇಳಿದವರ ಗಾಬರಿ ಗಳಿಗೆ ಹೊತ್ತಿನದು. ಕೊನೆಯಲ್ಲಿ ಅವರ ಕೈಗೆ ಬಂದದ್ದು ಒಂಟೆ, ಇಲ್ಲವೇ ಯೌವನದ ಸುವಾರ್ತೆ. ಹಾಸ್ಯಕ್ಕೆ ಗುರಿಯಾದವನು ಹಾಸ್ಯ ಮುಗಿದಾಗ ಮೊದಲಿಗಿಂತ ಶ್ರೀಮಂತನಾಗಿ ಹಿಂದಿರುಗುತ್ತಿದ್ದ.

ಈಗ ನಮ್ಮ ಫೋನುಗಳತ್ತ ಬರೋಣ.

ಚಿತ್ರವೆಂಬುದು ಸಾಕ್ಷಿ, ಅಡಿಬರಹವು ಆ ಸಾಕ್ಷಿಯ ಬಾಯಿಗೆ ನಾವು ತುರುಕುವ ಹೇಳಿಕೆ. ಕಣ್ಣಾರೆ ಕಂಡದ್ದನ್ನು ಮನುಷ್ಯ ನಂಬುತ್ತಾನೆ, ಮತ್ತು ಆ ನಂಬಿಕೆ ಅರಿವಿಲ್ಲದೆಯೇ ಕೆಳಗಿನ ಸಾಲಿಗೂ ಹರಿದುಬರುತ್ತದೆ. ಇದರ ವಿಷ ಎಂಥದೆಂದು ಮುಸ್ಲಿಮರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. 2020ರ ಕೊರೋನಾ ದಿನಗಳನ್ನು ನೆನಪಿಸಿಕೊಳ್ಳಿ. ಅನ್ನದ ಒಂದಗುಳೂ ವ್ಯರ್ಥವಾಗಬಾರದೆಂದು ಬೋಹ್ರಾ ಸಮುದಾಯದವರು ತಟ್ಟೆ ಚಮಚಗಳನ್ನು ನೆಕ್ಕಿ ಶುಚಿಗೊಳಿಸುತ್ತಿದ್ದ ಹಳೆಯ ವಿಡಿಯೊ ಒಂದು, ಮುಸ್ಲಿಮರು ಬೇಕೆಂದೇ ರೋಗ ಹರಡುತ್ತಿದ್ದಾರೆ ಎಂಬ ಅಡಿಬರಹದೊಂದಿಗೆ ದೇಶವಿಡೀ ಸುತ್ತಿತು. ದೃಶ್ಯದಲ್ಲಿ ಸುಳ್ಳಿರಲಿಲ್ಲ. ಅದರಲ್ಲಿದ್ದುದು ಆಹಾರದ ಮೇಲಿನ ಗೌರವ. ಸುಳ್ಳೆಲ್ಲ ಇದ್ದದ್ದು ಕೆಳಗಿನ ಒಂದು ಸಾಲಿನಲ್ಲಿ. ಸತ್ಯಶೋಧಕ ಪತ್ರಕರ್ತರು ಅದನ್ನು ಬಯಲಿಗೆಳೆಯುವ ಹೊತ್ತಿಗೆ, ಹಣ್ಣು ತರಕಾರಿಯ ಗಾಡಿ ತಳ್ಳಿಕೊಂಡು ಬೀದಿಗೆ ಹೋದ ಬಡವನಿಗೆ ಜನ ಬಾಗಿಲು ಮುಚ್ಚಿಯಾಗಿತ್ತು.

ಒಂದು ಸಾಲಿನ ಅಡಿಬರಹದಿಂದ ಇಷ್ಟು ನೊಂದ ಸಮುದಾಯ, ಅಡಿಬರಹ ಬರೆಯುವಾಗ ಎಲ್ಲರಿಗಿಂತ ಹೆಚ್ಚು ಎಚ್ಚರವಾಗಿರಬೇಕಿತ್ತು. ಇದ್ದೇವೆಯೇ?

ಕರಾವಳಿಯ ಒಂದು ಮೊಹಲ್ಲಾದಲ್ಲಿ ನಡೆದದ್ದನ್ನು ಹೇಳುತ್ತೇವೆ. ಊರು ಹೆಸರು ಬೇಡ. ರಮಝಾನಿನ ತರಾವೀಹ್ ನಮಾಝಿನ ನಡುವಿನ ವಿರಾಮದಲ್ಲಿ ಹಿರಿಯರೊಬ್ಬರು ಕಂಬಕ್ಕೊರಗಿ, ಬಾಯಿ ತೆರೆದು, ಗಾಢವಾಗಿ ನಿದ್ರಿಸುತ್ತಿದ್ದರು. ಯುವಕನೊಬ್ಬ ಚಿತ್ರ ತೆಗೆದ. ‘ಇಮಾಮರು ಹನ್ನೆರಡರಲ್ಲಿ, ಕಾಕ ಇಪ್ಪತ್ತು ಮುಗಿಸಿ ವಿತ್ರ್‌ನಲ್ಲಿ’ ಎಂದು ಕೆಳಗೆ ಬರೆದ. ಸಾಲು ಚುರುಕಾಗಿದೆ, ನಾವು ಅಲ್ಲವೆನ್ನುವುದಿಲ್ಲ. ಜಮಾಅತಿನ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದ ಚಿತ್ರಕ್ಕೆ ನಗುವ ಮುಖಗಳ ಸುರಿಮಳೆಯಾಯಿತು. ಮರುದಿನ ಅದು ನೆರೆಯೂರಿನ ಗುಂಪುಗಳಲ್ಲಿತ್ತು. ಮೂರನೆಯ ದಿನ ಮೊಮ್ಮಗ ಅದನ್ನು ಅಜ್ಜನಿಗೇ ತೋರಿಸಿದ.

ಆ ಹಿರಿಯರು ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವವರು. ದೋಣಿಗಳು ದಡ ಸೇರುವ ಹೊತ್ತಿಗೆ ಅಲ್ಲಿರಬೇಕಾದ್ದರಿಂದ ಸಹ್ರಿ ಮುಗಿಸಿ ಬೆಳಕು ಹರಿಯುವ ಮೊದಲೇ ಹೊರಟು, ಉಪವಾಸವಿದ್ದುಕೊಂಡು ಮಧ್ಯಾಹ್ನದವರೆಗೆ ತಲೆಯ ಮೇಲೆ ಭಾರ ಹೊತ್ತು, ರಾತ್ರಿ ತರಾವೀಹ್‌ಗೂ ತಪ್ಪದೆ ಬರುತ್ತಿದ್ದರು. ಚಿತ್ರ ನೋಡಿದ ಮೇಲೆ ಅವರು ಯಾರೊಡನೆಯೂ ಜಗಳವಾಡಲಿಲ್ಲ. ಮೊದಲು ಮುಂದಿನ ಸಾಲು ಬಿಟ್ಟು ಹಿಂದಿನ ಸಾಲಿಗೆ ಬಂದರು. ಆಮೇಲೆ ಇಶಾ ಮುಗಿಸಿ ಎದ್ದುಹೋಗತೊಡಗಿದರು. ಕೊನೆಯ ಹತ್ತರ ಹೊತ್ತಿಗೆ ಆ ಕಂಬದ ಬುಡದಲ್ಲಿ ಯಾರೂ ಇರಲಿಲ್ಲ. ಸಾಲು ಬರೆದವನಿಗೆ ಇದು ತಿಳಿದದ್ದು ಪೆರ್ನಾಳ್ ಕಳೆದ ಮೇಲೆ. ಅವನು ಕೆಟ್ಟ ಹುಡುಗನಲ್ಲ; ಹೋಗಿ ಕೈಹಿಡಿದು ಕ್ಷಮೆ ಕೇಳಿದ, ಅವರೂ ಕ್ಷಮಿಸಿದರು. ಚಿತ್ರ ಮಾತ್ರ ಇನ್ನೂ ಸುತ್ತುತ್ತಿದೆ. ರಮಝಾನ್ ಬಂದಾಗಲೆಲ್ಲ ಯಾರೋ ಅದನ್ನು ಮತ್ತೆ ಹೊರತೆಗೆಯುತ್ತಾರೆ, ಅವರು ಯಾರೆಂದೇ ಅರಿಯದ ಊರುಗಳಲ್ಲಿ.

ಹಣೆಬರಹವನ್ನು ಬರೆಯುವ ಅಧಿಕಾರ ಅಲ್ಲಾಹನದು. ಮನುಷ್ಯ ಬರೆಯುವುದು ಅಡಿಬರಹ. ಆದರೆ ಈ ಕಾಲದಲ್ಲಿ ಒಬ್ಬನ ಚಿತ್ರದ ಅಡಿಯಲ್ಲಿ ಬರೆದದ್ದು ಅವನ ಹಣೆಗೆ ಅಂಟಿಕೊಳ್ಳುತ್ತದೆ, ಒರೆಸಿದರೂ ಹೋಗುವುದಿಲ್ಲ.

ಇಂಥ ಸಂದರ್ಭದಲ್ಲಿ ಕೇಳಿಬರುವ ಸಮರ್ಥನೆಗಳು ಹೆಚ್ಚೇನೂ ಇಲ್ಲ. ‘ಚಿತ್ರದಲ್ಲಿ ಇದ್ದದ್ದನ್ನೇ ಬರೆದೆವು, ಸುಳ್ಳೇನು ಸೇರಿಸಿದೆವು?’ ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಸಹೀಹ್ ಮುಸ್ಲಿಮ್‌ನಲ್ಲಿದೆ. ಸಹೋದರನ ಬಗ್ಗೆ ಅವನಿಗೆ ಇಷ್ಟವಾಗದ್ದನ್ನು ಅವನ ಬೆನ್ನ ಹಿಂದೆ ಹೇಳುವುದೇ ಪರದೂಷಣೆ ಎಂದು ಪ್ರವಾದಿವರ್ಯರು(ಸ) ವಿವರಿಸಿದಾಗ, ಹೇಳಿದ ದೋಷ ಅವನಲ್ಲಿ ನಿಜವಾಗಿಯೂ ಇದ್ದರೋ ಎಂದು ಒಬ್ಬರು ಪ್ರಶ್ನಿಸಿದರು. ಇದ್ದರೆ ಅದು ಪರದೂಷಣೆ, ಇಲ್ಲದಿದ್ದರೆ ಮಿಥ್ಯಾರೋಪ ಎಂಬ ಉತ್ತರ ಬಂತು. ಅಂದರೆ ನಿಜವಾಗಿರುವುದು ಇಲ್ಲಿ ರಕ್ಷಣೆಯೇ ಅಲ್ಲ. ಕ್ಯಾಮೆರಾ ಸುಳ್ಳಾಡದಿರಬಹುದು, ಅದರಿಂದ ನಮ್ಮ ಖಾತೆಯ ಲೆಕ್ಕ ಹಗುರವಾಗುವುದಿಲ್ಲ.

‘ಬರೆದದ್ದು ನಾವಲ್ಲ, ಮುಂದಕ್ಕೆ ಕಳುಹಿಸಿದ್ದಷ್ಟೇ’ ಎನ್ನುವವರು ಅಲ್ ಮುತಫ್ಫಿಫೀನ್ ಅಧ್ಯಾಯದ ಕೊನೆಯ ಸೂಕ್ತಗಳನ್ನು ಓದಬೇಕು (83:29-34). ಸತ್ಯವಿಶ್ವಾಸಿಗಳನ್ನು ಕಂಡು ನಗುತ್ತಿದ್ದ, ಅವರು ಹಾದುಹೋಗುವಾಗ ಪರಸ್ಪರ ಕಣ್ಣುಮಿಟುಕಿಸುತ್ತಿದ್ದ ಅಪರಾಧಿಗಳ ವರ್ಣನೆ ಅಲ್ಲಿದೆ. ಅವರು ಮನೆಮಂದಿಯ ಬಳಿಗೆ ಮರಳುವಾಗಲೂ ಅದೇ ವಿನೋದದಲ್ಲಿ ಮರಳುತ್ತಿದ್ದರಂತೆ. ಬೀದಿಯಲ್ಲಿ ಕಂಡ ನಗೆಯನ್ನು ಮನೆಯವರೆಗೆ ಹೊತ್ತೊಯ್ಯುವ ಆ ಉತ್ಸಾಹಕ್ಕೆ ಇಂದು ಒಂದು ಗುಂಡಿಯಿದೆ, ಅಷ್ಟೇ ವ್ಯತ್ಯಾಸ.

ಅಲ್ ಹುಜುರಾತ್ ಅಧ್ಯಾಯದ ಸೂಕ್ತ (49:11) ಎಲ್ಲರಿಗೂ ಪರಿಚಿತವೇ. ಒಂದು ಜನವಿಭಾಗ ಇನ್ನೊಂದನ್ನು ಗೇಲಿ ಮಾಡಬಾರದು, ಗೇಲಿಗೀಡಾದವರೇ ಉತ್ತಮರಾಗಿರಬಹುದು ಎಂದು ಅದು ತಿಳಿಸುತ್ತದೆ. ಸ್ತ್ರೀಯರನ್ನು ಅದರಲ್ಲಿ ಪ್ರತ್ಯೇಕವಾಗಿ ಹೆಸರಿಸಿದೆ. ಅಡ್ಡಹೆಸರುಗಳಿಂದ ಕರೆಯುವುದನ್ನೂ ನಿಷೇಧಿಸಿದೆ. ನಮ್ಮ ಗುಂಪುಗಳಲ್ಲಿ ಓಡಾಡುವ ಅಡಿಬರಹಗಳಲ್ಲಿ ಬಹುಪಾಲು, ಸ್ವಲ್ಪ ಕೆದಕಿದರೆ, ಅಡ್ಡಹೆಸರುಗಳೇ. ದಪ್ಪ ಮದುಮಗ, ಬೋಳುತಲೆಯ ಕಾರ್ಯದರ್ಶಿ, ಕಪ್ಪು ಮದುಮಗಳು, ತೊದಲುವ ಹುಡುಗ. ಇವುಗಳಲ್ಲಿ ಯಾವುದನ್ನೂ ಆ ವ್ಯಕ್ತಿ ಆರಿಸಿಕೊಂಡದ್ದಲ್ಲ. ಆಕೃತಿಯನ್ನು ನೋಡಿ ನಕ್ಕರೆ ಆ ನಗು ಆಕೃತಿ ಕೊಟ್ಟವನತ್ತ ತಿರುಗುತ್ತದೆಂಬುದನ್ನು ಮಕ್ಕಳಿಗೆ ಹೇಳಿಕೊಡುವ ನಾವು, ದೊಡ್ಡವರಾದ ಮೇಲೆ ಮರೆಯುವುದು ವಿಚಿತ್ರ.

ಈ ವಿಷಯದಲ್ಲಿ ಪ್ರವಾದಿಯವರ(ಸ) ಮೂರು ಪ್ರಸಂಗಗಳು ಮತ್ತೆ ಮತ್ತೆ ನೆನಪಿಗೆ ಬರುತ್ತವೆ. ಹಝ್ರತ್ ಆಯಿಶಾ(ರ) ಅವರು ಸಫಿಯ್ಯಾ(ರ) ಅವರ ಗಿಡ್ಡ ಮೈಕಟ್ಟನ್ನು ಸೂಚಿಸಿ ಒಂದು ಮಾತಾಡಿದರು. ಕಡಲ ನೀರಿಗೆ ಬೆರೆಸಿದರೆ ಕಡಲನ್ನೇ ಕೆಡಿಸಬಲ್ಲ ಮಾತು ಅದೆಂದು ಪ್ರವಾದಿವರ್ಯರು(ಸ) ಹೇಳಿದರು. ಅತಿ ಪ್ರೀತಿಯ ಪತ್ನಿಗೂ ರಿಯಾಯಿತಿ ಸಿಗಲಿಲ್ಲ. ಮಾತಾದರೋ ಒಂದೆರಡು ಪದಗಳದು, ಅಡಿಬರಹದಷ್ಟೇ ಚಿಕ್ಕದು.

ಎರಡನೆಯದು ಅಬ್ದುಲ್ಲಾಹ್ ಇಬ್ನ್ ಮಸ್‌ಊದ್(ರ) ಅವರದು. ಮಿಸ್ವಾಕಿಗೆಂದು ಅರಾಕ್ ಮರದ ಕಡ್ಡಿ ಕೀಳುತ್ತಿದ್ದಾಗ ಗಾಳಿ ಬೀಸಿ ಅವರ ಕಾಲುಗಳು ಕಂಡವು. ಕಡ್ಡಿಯಂತೆ ತೆಳುವಾದ ಆ ಕಾಲುಗಳನ್ನು ನೋಡಿ ನೆರೆದವರು ನಕ್ಕರು. ಏಕೆ ನಗುತ್ತೀರೆಂದು ಪ್ರವಾದಿವರ್ಯರು(ಸ) ಕೇಳಿ, ಕಾರಣ ತಿಳಿದಾಗ, ಪರಲೋಕದ ತಕ್ಕಡಿಯಲ್ಲಿ ಆ ಕಾಲುಗಳು ಉಹುದ್ ಪರ್ವತಕ್ಕಿಂತ ಭಾರವೆಂದು ಆಣೆಯಿಟ್ಟು ಹೇಳಿದರು. ಇದು ಅಹ್ಮದ್ ಅವರ ಮುಸ್ನದ್‌ನಲ್ಲಿ ವರದಿಯಾಗಿದೆ. ದೃಶ್ಯ ಒಂದೇ. ಜನ ಅದಕ್ಕೆ ನಗೆಯ ಅಡಿಬರಹ ಕೊಟ್ಟರು. ಪ್ರವಾದಿವರ್ಯರು(ಸ) ಆ ಸಾಲನ್ನು ಅಳಿಸಿ ಬೇರೊಂದನ್ನು ಬರೆದರು. ಇಬ್ನ್ ಮಸ್‌ಊದರ ಕಾಲುಗಳ ವಿಷಯ ಬಂದಾಗ ಹದಿನಾಲ್ಕು ಶತಮಾನಗಳಿಂದ ಜಗತ್ತು ಉದ್ಧರಿಸುತ್ತಿರುವುದು ಈ ಎರಡನೆಯದನ್ನು.

ಮೂರನೆಯದು ಝಾಹಿರ್(ರ) ಎಂಬ ಹಳ್ಳಿಗನದು. ನೋಡಲು ಅಂದವಿಲ್ಲದ ಮನುಷ್ಯ. ಸಂತೆಯಲ್ಲಿ ಸರಕು ಮಾರುತ್ತಿದ್ದಾಗ ಪ್ರವಾದಿವರ್ಯರು(ಸ) ಹಿಂದಿನಿಂದ ಬಂದು ಅವರನ್ನು ತಬ್ಬಿ ಹಿಡಿದು, ಈ ದಾಸನನ್ನು ಕೊಳ್ಳುವವರು ಯಾರೆಂದು ಕೂಗಿದರು. ತಾನು ಬೆಲೆಬಾರದ ಸರಕೆಂದು ಝಾಹಿರ್ ಹೇಳಿದಾಗ, ಅಲ್ಲಾಹನ ಬಳಿ ನೀನು ಹಾಗಲ್ಲ, ನಿನ್ನ ಬೆಲೆ ದೊಡ್ಡದೆಂದರು. ಸಂತೆಯ ನಡುವೆ, ಎಲ್ಲರ ಎದುರಿನಲ್ಲಿ ಮಾಡಿದ ತಮಾಷೆ ಇದು. ‘ದಾಸ’ ಎಂಬ ಪದದಲ್ಲೂ ಸುಳ್ಳಿಲ್ಲ, ಎಲ್ಲರೂ ಅಲ್ಲಾಹನ ದಾಸರೇ. ತನ್ನನ್ನು ಯಾರೂ ಬಯಸರೆಂದು ನಂಬಿದ್ದ ಮನುಷ್ಯನನ್ನು ಆ ತಮಾಷೆ ಎಲ್ಲಿ ಕೊಂಡೊಯ್ದು ನಿಲ್ಲಿಸಿತು ನೋಡಿ.

ಇದರ ಜೊತೆಗೆ ಅಮೆರಿಕದ ಒಂದು ಘಟನೆಯನ್ನು ಇಟ್ಟು ನೋಡಬೇಕು. ಟೆಕ್ಸಾಸ್‌ನ ಲಿಝಿ ವೆಲಾಸ್ಕೆಝ್ ಎಂಬವರಿಗೆ ಹುಟ್ಟಿನಿಂದಲೇ ಮೈತೂಕ ಹೆಚ್ಚದ ಅಪರೂಪದ ಕಾಯಿಲೆ. 2006ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಯೂಟ್ಯೂಬ್‌ನಲ್ಲಿ ತನ್ನದೇ ಕೆಲವು ಸೆಕೆಂಡುಗಳ ವಿಡಿಯೊ ಆಕೆಯ ಕಣ್ಣಿಗೆ ಬಿತ್ತು. ಜಗತ್ತಿನ ಅತಿ ಕುರೂಪಿ ಹೆಣ್ಣು ಎಂದು ಯಾರೋ ಅದಕ್ಕೆ ಶೀರ್ಷಿಕೆ ಕೊಟ್ಟಿದ್ದರು. 40 ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ಆಗಲೇ ನೋಡಿದ್ದರು; ಬದುಕನ್ನು ಕೊನೆಗೊಳಿಸಿಕೊಳ್ಳುವಂತೆ ಸಲಹೆ ಕೊಟ್ಟವರೂ ಅವರಲ್ಲಿದ್ದರು. ಆಕೆ ಮುರಿದುಬೀಳಲಿಲ್ಲ, ಭಾಷಣಕಾರ್ತಿಯಾಗಿ, ಲೇಖಕಿಯಾಗಿ ಬೆಳೆದರು. ಆದರೂ 2020ರಲ್ಲಿ, ಟಿಕ್‌ಟಾಕ್‌ನಲ್ಲಿ ತಾಯಂದಿರು ತಮ್ಮ ಪುಟ್ಟ ಮಕ್ಕಳಿಗೆ ಆಕೆಯ ಚಿತ್ರ ತೋರಿಸಿ, ಇವರೇ ನಿನ್ನ ಹೊಸ ಟೀಚರ್ ಎಂದು ಹೇಳಿ, ಮಗು ಬೆಚ್ಚುವುದನ್ನು ಚಿತ್ರೀಕರಿಸಿ ನಗತೊಡಗಿದಾಗ, ಆಕೆ ಮತ್ತೆ ಮುಂದೆ ಬಂದು, ದಯವಿಟ್ಟು ಮಕ್ಕಳಿಗೆ ಇದನ್ನು ಕಲಿಸಬೇಡಿ ಎಂದು ಕೇಳಿಕೊಳ್ಳಬೇಕಾಯಿತು. ಹದಿನಾಲ್ಕು ವರ್ಷಗಳಲ್ಲಿ ಸಾಲು ಬದಲಾಗಿತ್ತು, ಚಿತ್ರ ಆಕೆಯದೇ. ಶಿಕ್ಷಕ ವೃತ್ತಿಯ ನಮಗೆ ‘ಹೊಸ ಟೀಚರ್’ ಎಂಬ ಆ ಎರಡು ಪದಗಳು ಬೇರೆ ರೀತಿಯಲ್ಲಿಯೂ ಚುಚ್ಚಿದವು.

ಹಾಗಾದರೆ ನಾವು ಏನು ಮಾಡಬೇಕು? ಗುಂಪುಗಳಿಂದ ಹೊರಬರುವುದು ಪರಿಹಾರವಲ್ಲ, ಎಲ್ಲ ತಮಾಷೆಯನ್ನೂ ನಿಷೇಧಿಸುವ ಜಮಾಅತ್ ಸುತ್ತೋಲೆಯಂತೂ ಪರಿಹಾರವೇ ಅಲ್ಲ. ಅಂಥ ಸುತ್ತೋಲೆಗೇ ಯಾರಾದರೂ ಮರುದಿನ ಅಡಿಬರಹ ಬರೆಯುತ್ತಾರೆ. ಗುರುತಿಸಬಹುದಾದ ಮನುಷ್ಯನ ಮುಖವಿರುವ ಚಿತ್ರಕ್ಕೆ ಅವನ ಒಪ್ಪಿಗೆಯಿಲ್ಲದೆ ನಗೆಯ ಸಾಲು ಬೇಡವೆಂಬುದು ನಮ್ಮ ನಿಲುವು. ಗೆಳೆಯನೇ ಆದರೂ ಮೊದಲು ಅವನಿಗೆ ತೋರಿಸಿ, ಅವನು ನಕ್ಕರೆ ಮುಂದಿನ ಮಾತು. ಮಸೀದಿಯೊಳಗೆ, ಆಸ್ಪತ್ರೆಯಲ್ಲಿ, ಮಯ್ಯಿತ್ತಿನ ಮನೆಯಲ್ಲಿ ತಮಾಷೆಗೆಂದು ಫೋನು ಎತ್ತುವುದೇ ಬೇಡ. ಗುಂಪಿನ ಅಡ್ಮಿನ್ ಆದವರು ಪದವಿಯನ್ನು ಮಾತ್ರ ಇಟ್ಟುಕೊಂಡು ಹೊಣೆಯನ್ನು ಬಿಡುವಂತಿಲ್ಲ. ಇಂಥ ಚಿತ್ರವನ್ನು ಅಳಿಸಲು ಅವರಿಗೆ ಎರಡು ಕ್ಷಣ ಸಾಕು. ಅಧಿಕಾರಸ್ಥರ ವಿಷಯ ಬೇರೆಯಲ್ಲವೇ ಎಂದು ಕೇಳುವವರಿದ್ದಾರೆ. ಬೇರೆಯೇ. ಮಂತ್ರಿಯ ಮಾತು ಮತ್ತು ಕೃತಿ ಸಾರ್ವಜನಿಕ ಆಸ್ತಿ, ಅವುಗಳನ್ನು ವ್ಯಂಗ್ಯಕ್ಕೆ ಗುರಿಮಾಡುವುದು ಪ್ರಜೆಯ ಹಕ್ಕು. ಮಂತ್ರಿಯ ಹೊಟ್ಟೆ ಮತ್ತು ಹಲ್ಲು ಸಾರ್ವಜನಿಕ ಆಸ್ತಿಯಲ್ಲ. ಆಡದ ಮಾತನ್ನು ವಾರ್ತಾವಾಹಿನಿಯ ಚೌಕಟ್ಟಿನಲ್ಲಿ ಕೂರಿಸಿ ಅವರದೆಂದು ಹರಡುವುದು ವ್ಯಂಗ್ಯವೂ ಅಲ್ಲ, ಅದು ಶುದ್ಧ ಸುಳ್ಳು. ಆ ವಿದ್ಯೆ ನಮ್ಮ ಮೇಲೆ ಪ್ರಯೋಗವಾದಾಗ ನಾವು ಅತ್ತದ್ದನ್ನು ಮೇಲೆ ಹೇಳಿಯಾಗಿದೆ.

ಮಕ್ಕಳಿಗೆ ಬೇಡ ಬೇಡ ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ, ಕೈಗೆ ಒಳ್ಳೆಯದೊಂದನ್ನು ಕೊಡಬೇಕು. ನಮ್ಮ ಕನ್ನಡ ತರಗತಿಯಲ್ಲಿ ಗುರುವಾರದ ಕೊನೆಯ ಅವಧಿಗೆ ಗೋಡೆಗೆ ಒಂದು ಚಿತ್ರ ಅಂಟಿಸುತ್ತೇವೆ. ನಿಯಮಗಳು ಕೆಲವೇ: ಚಿತ್ರದಲ್ಲಿ ಮನುಷ್ಯರಿರುವುದಿಲ್ಲ, ಸಾಲು ಎಂಟು ಪದಗಳನ್ನು ಮೀರಬಾರದು, ಬರೆದವರು ಅದನ್ನು ಎದ್ದುನಿಂತು ಓದಬೇಕು. ಪ್ರಬಂಧ ಬರೆಯಲು ಹೇಳಿದರೆ ಹೊಟ್ಟೆನೋವೆನ್ನುವ ಹುಡುಗರು ಎಂಟು ಪದಗಳಿಗಾಗಿ ಅರ್ಧ ಗಂಟೆ ಪೆನ್ಸಿಲ್ ಕಚ್ಚುತ್ತಾರೆ. ವ್ಯಾಕರಣದ ಯಾವ ಪಾಠವೂ ಪದದ ತೂಕವನ್ನು ಅವರಿಗೆ ಇಷ್ಟು ಚೆನ್ನಾಗಿ ಕಲಿಸಿಲ್ಲ. ‘ವಾಹನ ನಿಲ್ಲಿಸಬಾರದು’ ಎಂಬ ಫಲಕದ ಮೇಲೆ ಕುಳಿತ ಕಾಗೆಯ ಚಿತ್ರಕ್ಕೆ ಆರನೆಯ ತರಗತಿಯ ಹುಡುಗಿಯೊಬ್ಬಳು ‘ಕಾನೂನು ಕೆಳಗಿನವರಿಗೆ ಮಾತ್ರ’ ಎಂದು ಬರೆದಳು. ಕಳೆದ ವಾರ ತೆರೆದ ಪಠ್ಯಪುಸ್ತಕದ ಮೇಲೆ ಕಾಲುಚಾಚಿ ಮಲಗಿದ ಬೆಕ್ಕಿನ ಚಿತ್ರವಿತ್ತು. ಇಡೀ ವರ್ಷ ಬಾಯಿ ಬಿಡದ, ಓದುವಾಗ ತೊದಲುವ ಹುಡುಗನೊಬ್ಬ ಎದ್ದುನಿಂತು, ಸಮಯ ತೆಗೆದುಕೊಂಡು, ಒಂದೊಂದೇ ಪದವಾಗಿ ‘ಈ ಪಾಠದ ಮೇಲೆ ನನಗೆ ಪೂರ್ಣ ಹಿಡಿತವಿದೆ’ ಎಂದು ಓದಿದ. ಅವನು ಮುಗಿಸುವವರೆಗೆ ತರಗತಿ ಕಾಯಿತು. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು, ಬೆಕ್ಕನ್ನು ನೋಡಿ.